ಒಬ್ಬ ಪಾದ್ರಿಯ ಟಿಪ್ಪಣಿ, ನನ್ನದೊಂದು ವರದಿ

1973ರಲ್ಲಿ ನಾನು ಆಸ್ಟಿನ್ನಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಸಿಸ್ಟೆಂಟ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಲ್ಯಾಬು ಅದು. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ 1964ರಲ್ಲಿ ಟೆಕ್ಸಸ್‌ಗೆ ಬಂದವನಿಗೆ, ಕಾಗದದ ರಸಾಯನಶಾಸ್ತ್ರ ಓದಿದ ಮೇಲೆ ಸಿಕ್ಕ ಕೆಲಸ. ಊರಿಗೆ ಹೋದಾಗ ಯಾರಾದರೂ ಕೇಳಿದರೆ ‘ಪುಸ್ತಕದ ಡಾಕ್ಟರು’ ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ನನಗೆ ಒಳಗೊಳಗೇ ಹೆಮ್ಮೆ. ನಿವೃತ್ತಿಯ ದಿನ ಭಾಷಣ ಮಾಡಿದವರು ನಾನು ಸಾವಿರಾರು ಪುಸ್ತಕಗಳನ್ನು ಉಳಿಸಿದ್ದೇನೆ ಎಂದರು. ಅವರು ಹೇಳುತ್ತಿರುವಾಗ ನನಗೆ ನೆನಪಾದದ್ದು ನಾನು ಕೆಡಿಸಿದ ಒಂದೇ ಒಂದು ಪುಸ್ತಕ. ಅದರ ಕಥೆಯನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ಪೋಲೆಂಡಿನ ಖಗೋಳಜ್ಞ ಹುಟ್ಟಿ ಆ ವರ್ಷಕ್ಕೆ ಐನೂರು ವರ್ಷ ತುಂಬಿತ್ತು. ಆ ನೆಪದಲ್ಲಿ ನಮ್ಮ ಗ್ರಂಥಾಲಯ ಡಲ್ಲಾಸಿನಲ್ಲಿ ಹಳೆಯ ವಿಜ್ಞಾನ ಪುಸ್ತಕಗಳ ಪ್ರದರ್ಶನ ಇಡಲು ಒಪ್ಪಿಕೊಂಡಿತ್ತು. ಹ್ಯೂಸ್ಟನ್ನಿನ ಶ್ರೀಮಂತ ಹೆಂಗಸೊಬ್ಬರು ತಮ್ಮ ಗಂಡ ಕೂಡಿಟ್ಟಿದ್ದ ಪುಸ್ತಕಗಳನ್ನು ನಮಗೆ ದಾನ ಮಾಡುತ್ತಿದ್ದರು. ಒಂದು ಕಂತು ಎರಡು ವರ್ಷದ ಹಿಂದೆಯೇ ಬಂದಿತ್ತು. ಪ್ರದರ್ಶನ ಚೆನ್ನಾಗಿ ನಡೆದರೆ ಉಳಿದದ್ದೂ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಮಾರ್ಚ್ ತಿಂಗಳಲ್ಲಿ ನನ್ನ ಮೇಜಿಗೆ ಆ ಸಂಗ್ರಹದ ಹದಿನೇಳನೇ ಪುಸ್ತಕ ಬಂತು.

ಅದು ಹದಿನಾರನೇ ಶತಮಾನದ ನಡುವೆ ಜರ್ಮನಿಯಲ್ಲಿ ಅಚ್ಚಾದ ಲ್ಯಾಟಿನ್ ಪಠ್ಯಪುಸ್ತಕ, ವಿದ್ಯಾರ್ಥಿಗಳಿಗೆ ಖಗೋಳ ಕಲಿಸುವುದಕ್ಕೆ ಬರೆದದ್ದು. ಬರೆದವನು ರೋಮಿನ ಚರ್ಚನ್ನು ಬಿಟ್ಟು ಪ್ರೊಟೆಸ್ಟೆಂಟ್ ಸುಧಾರಣೆಯ ಪಕ್ಷ ಸೇರಿದ್ದ ಮೇಷ್ಟ್ರು. ಮುಂದೆ ಆ ಪ್ರತಿ ಹೇಗೋ ಒಂದು ಕ್ಯಾಥಲಿಕ್ ಮಠದ ಪಾಲಾಗಿ, ಅಲ್ಲಿನವರು ಮೊದಲ ಪುಟದಲ್ಲಿದ್ದ ಲೇಖಕನ ಹೆಸರಿನ ಮೇಲೆ ಕಪ್ಪು ಮಸಿ ಬಳಿದಿದ್ದರು. ಆ ಕಾಲದ ಪದ್ಧತಿಯೇ ಹಾಗಿತ್ತು. ಗಣಿತ ಬೇಕು, ಆದರೆ ಧರ್ಮ ಬಿಟ್ಟವನ ಹೆಸರು ಬೇಡ. ಹೆಸರು ಅಳಿಸಿ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಹಾಗೆ ಮಸಿ ಮೆತ್ತಿಸಿಕೊಂಡ ಪುಸ್ತಕಗಳನ್ನು ನಾನು ಬೇಕಾದಷ್ಟು ನೋಡಿದ್ದೆ.

ಹದಿನೇಳನೇ ಪುಸ್ತಕಕ್ಕೆ ಎಂದೋ ನೀರು ತಗುಲಿ ಅರ್ಧ ಪುಟಗಳಲ್ಲಿ ಕಂದು ಕಲೆ ಹರಡಿತ್ತು. ಅದರ ಜೊತೆಗೆ, ಅಚ್ಚಿನ ಸುತ್ತ ಬಿಟ್ಟ ಅಂಚುಗಳಲ್ಲೆಲ್ಲ ಯಾರೋ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಬರೆದಿದ್ದರು. ಮಾಸಿದ ಕಂದು ಮಸಿ. ನನಗೆ ಲ್ಯಾಟಿನ್ ಬರುತ್ತಿರಲಿಲ್ಲ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಈ ಮಾತನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆ ಹೇಳಿದೆ.

ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಪುಸ್ತಕದೊಳಗೆ ಪೆನ್ಸಿಲಿನಲ್ಲಿ ಗೀಚಿದರೆ ಬೆರಳ ಗೆಣ್ಣಿನ ಮೇಲೆ ರೂಲು ದೊಣ್ಣೆ. ಆ ಮನೆಯಲ್ಲಿ ಬೆಳೆದ ನನಗೆ ಅಂಚಿನ ಬರಹ ಎಂದರೆ ಕೊಳೆ, ಸರಸ್ವತಿಯ ಮೈಮೇಲಿನ ಕೊಳೆ. ಅಮೆರಿಕದ ಲ್ಯಾಬಿನಲ್ಲೂ ಆಗ ಪುಟ ಬೆಳ್ಳಗಾದಷ್ಟೂ ಕೆಲಸ ಚೆನ್ನಾಗಿದೆ ಎಂಬ ನಂಬಿಕೆ ಇತ್ತು. ಅಪ್ಪನ ದೊಣ್ಣೆಗೂ ಅವರ ನಂಬಿಕೆಗೂ ಸರಿಹೋಗಿಬಿಟ್ಟಿತು.

ನಮ್ಮ ವಿಭಾಗದ ಮುಖ್ಯಸ್ಥ ಹೋವರ್ಡ್. ಒಳ್ಳೆಯ ಮನುಷ್ಯ, ಸದಾ ಗಡಿಬಿಡಿ. ‘ಅಂಚಿನ ಬರಹ ಏನು ಮಾಡ್ತೀಯ?’ ಎಂದು ಕೇಳಿದ. ‘ಕಲೆ ತೆಗೆದರೆ ಅದೂ ಹೋಗುತ್ತೆ’ ಎಂದೆ. ‘ನಿನಗೆ ಬಿಟ್ಟದ್ದು’ ಎಂದು ಹೊರಟುಹೋದ. ತೀರ್ಮಾನ ನನ್ನದೇ, ಬೇರೆಯವರ ತಲೆಗೆ ಕಟ್ಟುವ ಹಾಗಿಲ್ಲ.

ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆಯನ್ನು ಉಗುರುಬೆಚ್ಚಗಿನ ನೀರಿನ ಟ್ರೇಯಲ್ಲಿ ತೇಲಿಬಿಟ್ಟೆ. ಆಮೇಲೆ ತೆಳುವಾದ ಬ್ಲೀಚು, ಬ್ಲೀಚನ್ನು ತಡೆಯುವ ಇನ್ನೊಂದು ದ್ರಾವಣ, ಕೊನೆಗೆ ಸುಣ್ಣದ ತಿಳಿನೀರು. ಹಳೆಯ ಯುರೋಪಿನ ಬರೆಯುವ ಮಸಿ ನಮ್ಮ ಬಾಣಂತಿ ಕೋಣೆಯ ಮಾಚಿಕಾಯಿಯಂಥದೇ ಕಾಯಿ, ಅದಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಾಡಿದ್ದು. ಬ್ಲೀಚಿಗೆ ಅದು ನಿಲ್ಲುವುದಿಲ್ಲ. ಕಣ್ಣೆದುರಿಗೇ ಬಣ್ಣ ಹಳದಿಯಾಗಿ, ಆಮೇಲೆ ಇಲ್ಲವಾಯಿತು. ಮಠದವರು ಹೆಸರಿನ ಮೇಲೆ ಬಳಿದದ್ದು ಮಾತ್ರ ದೀಪದ ಕಾಡಿಗೆಯ ಮಸಿ, ಅದು ಒಂದು ಚೂರೂ ಅಲುಗಲಿಲ್ಲ. ಅಳಿಸಿದವನ ಮಸಿ ಉಳಿಯಿತು, ಓದಿ ಬರೆದವನದು ಹೋಯಿತು. ಅವತ್ತು ನನಗೆ ಅದು ಹೊಳೆಯಲಿಲ್ಲ. ಪುಟಗಳು ಹೊಸ ಪಂಚೆಯ ಹಾಗೆ ಬೆಳ್ಳಗಾಗಿದ್ದವು, ನಾನು ಸಿಳ್ಳೆ ಹಾಕಿಕೊಂಡು ಮನೆಗೆ ಹೋದೆ.

ಇನ್ನೊಂದು ತಪ್ಪೂ ಮಾಡಿದ್ದೆ. ಯಾವ ಪುಸ್ತಕ ಬಂದರೂ ಕೆಲಸ ಶುರು ಮಾಡುವ ಮುಂಚೆ ಅದರ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು ಫೈಲಿಗೆ ಹಾಕಬೇಕು. ಕಂಡಿಷನ್ ರಿಪೋರ್ಟ್ ಎನ್ನುತ್ತಿದ್ದೆವು. ಮೂರು ವಾರದಲ್ಲಿ ಹನ್ನೊಂದು ಪುಸ್ತಕ ಮುಗಿಸಬೇಕಿತ್ತು, ಆಮೇಲೆ ಬರೆದರಾಯಿತು ಎಂದು ಬಿಟ್ಟೆ.

ಈಗ ಕರುಣಾ ಬಗ್ಗೆ ಹೇಳಬೇಕು. ಧಾರವಾಡದ ಪ್ರೊಟೆಸ್ಟೆಂಟ್ ಕ್ರೈಸ್ತರ ಹುಡುಗಿ. ಹ್ಯೂಸ್ಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ವಿಜ್ಞಾನದ ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಹಿಂದಿನ ವರ್ಷ, ಎಂದರೆ 1972ರ ಬೇಸಿಗೆಯನ್ನೆಲ್ಲ ನಮ್ಮ ಗ್ರಂಥಾಲಯದ ಓದುವ ಕೋಣೆಯಲ್ಲಿ ಕಳೆದಿದ್ದಳು. ಕೆಫೆಟೇರಿಯದಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿದ ನನ್ನನ್ನು ನೋಡಿ ‘ಕನ್ನಡದವರೇನ್ರಿ?’ ಎಂದು ಕೇಳಿದವಳು, ಆ ಭಾನುವಾರದಿಂದಲೇ ನಮ್ಮ ಮನೆಗೆ ಊಟಕ್ಕೆ ಬರತೊಡಗಿದಳು. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ನನ್ನ ಹೆಂಡತಿ ವಿಜಯಾಳನ್ನು ವೈನಿ ಎಂದು.

ಅವಳ ಬಾಯಲ್ಲಿ ಸದಾ ಒಬ್ಬ ಪಾದ್ರಿಯ ಸುದ್ದಿ. ಅವನೊಬ್ಬ ಅನಾಮಧೇಯ. ಹುಡುಗನಾಗಿದ್ದಾಗ ಖಗೋಳದ ಪಾಠ ಕೇಳುತ್ತ ಪುಸ್ತಕದ ಅಂಚಿನಲ್ಲಿ ಗುರುಗಳು ಹೇಳಿದ್ದನ್ನು ಬರೆದುಕೊಂಡಿದ್ದ. ಭೂಮಿ ತಿರುಗುತ್ತದೆ ಎಂಬುದು ಧರ್ಮಗ್ರಂಥಕ್ಕೆ ವಿರುದ್ಧ, ಹಾಸ್ಯಾಸ್ಪದ ಎಂದು. ಆಮೇಲೆ ಹಳ್ಳಿಯೊಂದರ ಪಾದ್ರಿಯಾದ. ಇಪ್ಪತ್ತು ವರ್ಷ ಕಳೆದ ಮೇಲೆ, 1572ರಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರ ಕಾಣಿಸಿಕೊಂಡಾಗ, ಅದೇ ಪುಸ್ತಕ ತೆಗೆದು, ಆಕಾಶ ಎಂದೂ ಬದಲಾಗುವುದಿಲ್ಲ ಎಂದಿದ್ದ ಪುಟದ ಕೆಳಗೆ ಏಳು ಸಾಲು ಬರೆದಿದ್ದ. ತಾನು ಅದನ್ನು ಕಂಡೆ, ದಿನವೂ ಅಳೆದೆ, ಅದು ಮಿಕ್ಕ ನಕ್ಷತ್ರಗಳ ನಡುವೆ ಇದ್ದಲ್ಲೇ ಇದೆ, ಎಂದರೆ ಆಕಾಶದ್ದೇ, ನನಗೆ ಕಲಿಸಿದ್ದು ತಪ್ಪು ಎಂದು.

‘ದೊಡ್ಡ ದೊಡ್ಡವರ ಹೆಸರು ಎಲ್ಲಾರೂ ಹೇಳ್ತಾರ್ರಿ ಅಣ್ಣಾರ. ಹಳ್ಳ್ಯಾಗಿನ ಪಾದ್ರಿ ಒಬ್ಬಾವ ತನ್ನ ಮನಸ್ಸು ಬದಲಿ ಮಾಡಿಕೊಂಡಿದ್ದು ಹಿಂಗ ಬರದಿಟ್ಟದ್ದು ಮತ್ತೆಲ್ಲೂ ಸಿಕ್ಕಿಲ್ಲ’ ಎನ್ನುತ್ತಿದ್ದಳು. ‘ನಮ್ಮ ಮುತ್ತ್ಯಾ ಮಿಷನ್ ಪ್ರೆಸ್ಸಿನ್ಯಾಗ ಅಚ್ಚಿನ ಮೊಳಿ ಜೋಡಸ್ತಿದ್ದ. ನಮ್ಮ ಅಮ್ಮಾನ ಬೈಬಲ್ ನೋಡ್ಬೇಕು ನೀವು, ಅಂಚಿನ್ಯಾಗ ತಟಕ ಜಾಗಾ ಇಲ್ಲ, ಎಲ್ಲಾ ಬರದಾಳ. ಬರೀದ ಓದಿದ್ರ ಅದೇನ್ ಓದ್ರಿ?’

ನಾನು ಅನ್ನ ಕಲಸುತ್ತ ಹೂಂಗುಟ್ಟುತ್ತಿದ್ದೆ. ಪುಸ್ತಕ ಯಾವುದು ಎಂದು ಒಮ್ಮೆಯೂ ಕೇಳಲಿಲ್ಲ. ಹೆಸರಿಗೆ ಮಸಿ ಬಳಿದ ಪುಸ್ತಕ ಎಂದು ಅವಳು ಹೇಳಿದ್ದು ನೆನಪಿದೆ. ಮಾರ್ಚಿನಲ್ಲಿ ಹದಿನೇಳನೆಯದನ್ನು ಬಿಚ್ಚಿದಾಗ ‘ಇದು ಅವಳದೇನಾದರೂ’ ಎಂದು ಮನಸ್ಸಿಗೆ ಬಂದದ್ದೂ ನಿಜ. ಅಂಥವು ಎಷ್ಟೋ ಇವೆ ಎಂದುಕೊಂಡು ಟ್ರೇಗೆ ನೀರು ಬಿಟ್ಟೆ. ಒಂದು ಫೋನ್ ಕಾಲ್ ಮಾಡಿದ್ದರೆ ಸಾಕಿತ್ತು. ಅವಳು ಆಗ ಹ್ಯೂಸ್ಟನ್ನಿನಲ್ಲಿ ಹುಡುಗರಿಗೆ ಪಾಠ ಮಾಡುತ್ತ, ಬೇಸಿಗೆಯಲ್ಲಿ ಆಸ್ಟಿನ್ನಿಗೆ ಬಂದು ಪಾದ್ರಿಯ ಟಿಪ್ಪಣಿಗಳಲ್ಲಿ ಉಳಿದರ್ಧ ನಕಲು ಮಾಡಿಕೊಳ್ಳುವ ಲೆಕ್ಕದಲ್ಲಿದ್ದಳು. ಬೇಸಿಗೆಯಲ್ಲಿ ವಿಚಾರಿಸಿದಾಗ ಪುಸ್ತಕ ಪ್ರದರ್ಶನಕ್ಕೆ ಹೋಗುತ್ತಿದೆ, ಮುಗಿದ ಮೇಲೆ ಬನ್ನಿ ಎಂದು ಓದುವ ಕೋಣೆಯವರು ಹೇಳಿದ್ದರು.

ಸೆಪ್ಟೆಂಬರಿನ ಒಂದು ಶನಿವಾರ ವಿಜಯಾ, ಹ್ಯೂಸ್ಟನ್ನಿನಿಂದ ಬಂದ ಕರುಣಾ, ನಾನು ಮೂವರೂ ಡಲ್ಲಾಸಿಗೆ ಹೊರಟೆವು. ನಾನೇ ಕರೆದದ್ದು. ನನ್ನ ಕೈಕೆಲಸ ತೋರಿಸುವ ಚಪಲ. ಅವಳಿಗೆ ತನ್ನ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ ಎಂಬ ಸಂಭ್ರಮ, ಯಾವುದು ಎಂದು ನಾನು ಆಗಲೂ ಕೇಳಲಿಲ್ಲ. ದಾರಿಯುದ್ದಕ್ಕೂ ವಿಜಯಾಳ ಪುಳಿಯೋಗರೆ ತಿನ್ನುತ್ತ, ಮುಂದಿನ ವರ್ಷ ಡಿಗ್ರಿ ಬಂದ ಮೇಲೆ ಧಾರವಾಡದ ಕಾಲೇಜಿನಲ್ಲಿ ಕೆಲಸ ಹಿಡಿಯುವ ಮಾತು.

ಪ್ರದರ್ಶನದ ಹಾಲ್‌ನ ನಡುವೆ ಹದಿನೇಳನೇ ಪುಸ್ತಕ ತೆರೆದಿತ್ತು, ಆಕಾಶದ ಗೋಲಗಳ ಚಿತ್ರವಿದ್ದ ಪುಟ. ಕರುಣಾ ಗಾಜಿಗೆ ಹಣೆ ತಾಗುವಷ್ಟು ಬಗ್ಗಿದಳು. ತುಂಬ ಹೊತ್ತು ಹಾಗೇ ನಿಂತಳು. ನಾನು ಪಕ್ಕದಲ್ಲಿ ನಿಂತು, ನೀರಿನ ಕಲೆ ಎಷ್ಟು ಕೆಟ್ಟದಾಗಿತ್ತು, ಹೇಗೆ ತೆಗೆದೆ ಎಂದು ವಿವರಿಸುತ್ತಿದ್ದೆ.

‘ಅಣ್ಣಾರ, ಇದು ಬ್ಯಾರೆ ಪ್ರತಿ ಏನ್ರಿ?’

‘ಇಲ್ಲಮ್ಮ, ನಮ್ಮದೇ. ಹ್ಯೂಸ್ಟನ್ ಗಿಫ್ಟು.’

‘ಚಿತ್ರದ ಕೆಳಗ ಏಳು ಸಾಲಿತ್ತಲ್ರಿ, ಅದೆಲ್ಲಿ ಹೋತು?’

ಕಲೆಯ ವಿವರಣೆಯನ್ನು ಅಲ್ಲಿಗೇ ನಿಲ್ಲಿಸಿದೆ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ, ಬೈಯಲಿಲ್ಲ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು.

ಅವಳ ಹತ್ತಿರ ನಾಲ್ಕು ನೋಟ್‌ಬುಕ್ಕುಗಳಿದ್ದವು. ಅರ್ಧದಷ್ಟು ಟಿಪ್ಪಣಿಗಳನ್ನು, ಆ ಏಳು ಸಾಲನ್ನೂ ಸೇರಿಸಿ, ಕೈಯಲ್ಲಿ ನಕಲು ಮಾಡಿಕೊಂಡಿದ್ದಳು. ಮೈಕ್ರೋಫಿಲ್ಮೂ ಇತ್ತು, ಆದರೆ ಆಗಿನ ಮೈಕ್ರೋಫಿಲ್ಮು ಅಚ್ಚಿನ ಕಪ್ಪನ್ನು ಹಿಡಿಯುವುದಕ್ಕೆ ಮಾಡಿದ್ದು. ಮಾಸಿದ ಕಂದು ಬರಹ ಅದರಲ್ಲಿ ಮೂಡಿರಲಿಲ್ಲ. ಅವಳ ಪ್ರೊಫೆಸರುಗಳ ಸಮಿತಿ ಕುಳಿತಾಗ ಒಬ್ಬರು ಕೇಳಿದರಂತೆ, ಮೂಲ ಇಲ್ಲದ ಮೇಲೆ ಈ ನಕಲು ಸರಿ ಎಂದು ನಾವು ಹೇಗೆ ನಂಬುವುದು, ಎಂದು. ಒಬ್ಬ ಕಂಡದ್ದನ್ನು ಇನ್ನೊಬ್ಬನೂ ಕಾಣುವ ಹಾಗಿರಬೇಕು, ಆಗಲೇ ಅದು ಸಾಕ್ಷ್ಯ. ಯುರೋಪಿನ ವಿಜ್ಞಾನ ಆ ಶತಮಾನಗಳಲ್ಲಿ ಕಲಿತ ಪಾಠವೇ ಅದು, ಕೇಳಿದವರ ತಪ್ಪೇನಿಲ್ಲ. ಸಮಿತಿ ನಮ್ಮ ಗ್ರಂಥಾಲಯಕ್ಕೆ ಪತ್ರ ಬರೆಯಿತು. ತೊಳೆಯುವ ಮುಂಚೆ ಈ ಪುಸ್ತಕದ ಅಂಚಿನಲ್ಲಿ ಓದಬಹುದಾದ ಬರಹ ಇತ್ತೇ? ಇದ್ದರೆ ಕಂಡಿಷನ್ ರಿಪೋರ್ಟಿನ ಪ್ರತಿ ಕಳಿಸಿ.

ಹೋವರ್ಡ್ ಬಾಗಿಲು ಹಾಕಿಕೊಂಡು ನನ್ನೆದುರು ಕೂತ. ರಿಪೋರ್ಟ್ ಎಲ್ಲಿ ಎಂದ. ಬರೆದಿಲ್ಲ ಎಂದೆ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ದಾನ ಕೊಟ್ಟವರಿಗೆ ಗೊತ್ತಾದರೆ ಉಳಿದ ಪುಸ್ತಕಗಳು ಬರುವುದಿಲ್ಲ, ನನ್ನ ಕೆಲಸ ಖಾಯಂ ಮಾಡುವ ಕಾಗದ ಆ ತಿಂಗಳೇ ಮೇಲಿನವರ ಮುಂದೆ ಹೋಗುವುದಿತ್ತು. ಆಮೇಲೆ ನಿಧಾನವಾಗಿ ಹೇಳಿದ:

‘ನಿನಗೆ ಲ್ಯಾಟಿನ್ ಬರೋದಿಲ್ಲ. ಓದೋಕೆ ಆಗ್ತಿತ್ತು ಅಂತ ನೀನು ಪ್ರಮಾಣ ಮಾಡೋದು ಹೇಗೆ?’

ಆ ಪ್ರಶ್ನೆ ಹಿಡಿದುಕೊಂಡು ನಾನು ನನ್ನ ಮೇಜಿಗೆ ಹೋದೆ. ಕೆಲಸ ಹೋದರೆ ಏನು ಗತಿ ಎಂದು ಹೆದರಿದ್ದೆ, ಇಷ್ಟೇ ಸತ್ಯ. ಮನೆಯಲ್ಲಿ ವಿಜಯಾ ಆರು ತಿಂಗಳ ಬಸುರಿ. ಖಾಲಿ ಫಾರಂ ತೆಗೆದು, ಮಾರ್ಚ್ ತಿಂಗಳ ತಾರೀಕು ಹಾಕಿ, ನೀರಿನ ಕಲೆಯ ಬಗ್ಗೆ ಎಂಟು ಸಾಲು ಬರೆದೆ. ಕೊನೆಯ ಕಾಲಂ ‘ಅಂಚಿನ ಬರಹ’. ಅದರ ಎದುರಿಗೆ ‘ಪೂರ್ತಿ ಮಾಸಿದೆ, ಓದಲಾಗದು’ ಎಂದು ಬರೆದು ಸಹಿ ಮಾಡಿದೆ. ಪೆನ್ನಿಗೆ ಕ್ಯಾಪು ಹಾಕಿ ಹಾಳೆಯನ್ನು ಫೈಲಿಗೆ ಸೇರಿಸಿದೆ. ಆ ಪಾದ್ರಿ ತನ್ನ ಗುರುಗಳ ಮಾತಿಗೂ ತನ್ನ ಚರ್ಚಿನ ಮಾತಿಗೂ ಎದುರಾಗಿ ತಾನು ಕಂಡದ್ದನ್ನು ಬರೆದಿಟ್ಟಿದ್ದ. ನಾನು ನಾಲ್ಕು ನೂರು ವರ್ಷದ ನಂತರದವನು, ಎಂ.ಎಸ್ಸಿ., ಒಂದು ಆಫೀಸಿನ ಫಾರಮಿನ ಮುಂದೆ ಮಂಡಿಯೂರಿದೆ.

ಎರಡು ವಾರ ಬಿಟ್ಟು ಕರುಣಾ ಲ್ಯಾಬಿಗೆ ಬಂದಳು. ಕೈಯಲ್ಲಿ ಆ ವರದಿಯ ಜೆರಾಕ್ಸ್ ಪ್ರತಿ. ಕೂರು ಎಂದೆ, ಕೂರಲಿಲ್ಲ.

‘ನಿಮಗ ಓದಾಕ ಬರತಿದ್ದಿಲ್ಲೋ, ಯಾರಿಗೂ ಓದಾಕ ಬರತಿದ್ದಿಲ್ಲೋ? ಅಷ್ಟು ಹೇಳ್ರಿ ನನಗ.’

‘ಕರುಣಾ, ನನ್ನ ಪರಿಸ್ಥಿತಿ ಸ್ವಲ್ಪ ಅರ್ಥ ಮಾಡ್ಕೋಮ್ಮ’ ಎಂದೆ.

‘ನಾ ಇಲ್ಲದ್ದು ಹುಟ್ಟಿಸಿ ಬರದೀನಿ ಅಂತ ಅನ್ನಾಕ ಹತ್ಯಾರ್ರಿ ಅವ್ರು.’

ನಾನು ಮೇಜಿನ ಮೇಲಿದ್ದ ಕಾಗದ ಮಡಚುವ ಮೂಳೆಯ ಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತೆ. ಅವಳು ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಸಮಿತಿ ಅವಳ ಪ್ರಬಂಧವನ್ನು ಒಪ್ಪಲಿಲ್ಲ. ಬೇರೆ ವಿಷಯ ಹಿಡಿದು ಹೊಸದಾಗಿ ಶುರು ಮಾಡಬಹುದು ಎಂದಿತು, ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ವಿಜಯಾಳಿಗೆ ನಾನು ಹೇಳಿರಲಿಲ್ಲ, ಆದರೆ ಹೇಗೋ ಗೊತ್ತಾಯಿತು. ‘ಆ ಹುಡುಗಿ ನಮ್ಮನೇಲಿ ಊಟ ಮಾಡಿದ್ಲು ಕಣ್ರೀ’ ಎಂದಳು. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ನನ್ನ ಕೆಲಸ ಖಾಯಂ ಆಯಿತು. ಮಗ ಹುಟ್ಟಿದ.

1978ರಲ್ಲಿ ನನ್ನನ್ನು ಪೂರ್ವ ತೀರದ ಒಂದು ಗ್ರಂಥಾಲಯಕ್ಕೆ ಎರಡು ವಾರದ ತರಬೇತಿಗೆ ಕಳಿಸಿದರು. ಮೂರನೇ ದಿನ ಪಾಠ ಹೇಳುವಾತ ಬ್ಲೀಚಾದ ಹಾಳೆಯೊಂದನ್ನು ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದ. ಬರಿಗಣ್ಣಿಗೆ ಖಾಲಿಯಾಗಿದ್ದ ಹಾಳೆಯಲ್ಲಿ ಕಪ್ಪು ಕಪ್ಪಾಗಿ ಅಕ್ಷರ ಎದ್ದವು. ಮಸಿಯ ಬಣ್ಣ ಹೋದರೂ ಕಬ್ಬಿಣದ ಅಂಶ ಕಾಗದದ ನಾರಿನಲ್ಲಿ ಉಳಿದಿರುತ್ತದೆ, ಕಾಗದ ಹೊಳೆಯುವ ಕಡೆ ಅದು ಹೊಳೆಯುವುದಿಲ್ಲ. ಇದು ಹೊಸದೇನಲ್ಲ, ಹಲವು ದಶಕಗಳಿಂದ ಬಳಕೆಯಲ್ಲಿದೆ ಎಂದು ಅವನು ಹೇಳುತ್ತಿದ್ದ. ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಸ್ಟಿನ್ನಿಗೆ ಬಂದವನೇ ಹದಿನೇಳನೇ ಪುಸ್ತಕ ತರಿಸಿ, ಲ್ಯಾಬಿನ ಪರದೆ ಎಳೆದು, ಗೋಲಗಳ ಚಿತ್ರದ ಪುಟವನ್ನು ದೀಪದ ಕೆಳಗೆ ಇಟ್ಟೆ. ಬಹಳಷ್ಟು ಹೋಗಿತ್ತು. ಆದರೆ ಏಳು ಸಾಲಿನ ಜಾಗದಲ್ಲಿ ಏಳು ಸಾಲೇ ಇದ್ದವು. ಮೂರನೆಯ ಸಾಲಿನಲ್ಲಿ ನಾಲ್ಕು ಪದ, ಆರನೆಯದರಲ್ಲಿ ಎರಡು, ನನ್ನಂಥವನೂ ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಬಹುದಾದಷ್ಟು ಸ್ಪಷ್ಟ. ಒಂದು ಕಾರ್ಡಿನ ಮೇಲೆ ಬರೆದುಕೊಂಡೆ.

ಕರುಣಾ ಹ್ಯೂಸ್ಟನ್ನಿನಲ್ಲೇ ಇದ್ದಾಳೆ, ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ, ಸ್ಟಾಫರ್ಡ್ ಹತ್ತಿರ ಅಪಾರ್ಟ್‌ಮೆಂಟು ಎಂದು ವಿಚಾರಿಸಿ ತಿಳಿದುಕೊಂಡು, ಭಾನುವಾರ ಡ್ರೈವ್ ಮಾಡಿಕೊಂಡು ಹೋದೆ. ಚರ್ಚಿನಿಂದ ಆಗತಾನೆ ಬಂದಿದ್ದಳು. ಕೂದಲು ಬೆಳ್ಳಗಾಗುತ್ತಿತ್ತು, ವಯಸ್ಸು ಮೂವತ್ಮೂರೋ ಏನೋ. ‘ಬರ್ರಿ’ ಎಂದು ಚಹಾ ಮಾಡಿಕೊಟ್ಟಳು. ಅಣ್ಣಾರ ಎನ್ನಲಿಲ್ಲ.

ಕಾರ್ಡನ್ನು ಅವಳ ಮುಂದಿಟ್ಟೆ. ಏನು, ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಅವಳು ಓದಿದಳು. ಆಮೇಲೆ ಕಾರ್ಡನ್ನು ಮಗುಚಿಟ್ಟು, ನಡುವೆ ಬಿಟ್ಟುಹೋಗಿದ್ದ ಪದಗಳನ್ನೂ ಸೇರಿಸಿ ಆ ಸಾಲುಗಳನ್ನು ಲ್ಯಾಟಿನ್ನಿನಲ್ಲಿ ಮೆಲ್ಲಗೆ ಹೇಳಿದಳು. ಕಾರ್ಡಿನಲ್ಲಿದ್ದ ಆರು ಪದಗಳೂ ಅದರಲ್ಲಿ ಇದ್ದವು.

‘ನೋಟ್‌ಬುಕ್ ಇದೆಯಾ ಕರುಣಾ? ಈಗಲೂ ಸಮಿತಿಗೆ ತೋರಿಸಬಹುದು. ನಾನೇ ಬಂದು ಹೇಳ್ತೀನಿ.’

‘ಮೂರು ವರ್ಷದ ಹಿಂದ ಮನಿ ಶಿಫ್ಟ್ ಮಾಡುವಾಗ ಕಸದಾಗ ಹಾಕಿದೆ’ ಎಂದಳು. ‘ಎಲ್ಲಾರೂ ಇಲ್ಲ ಇಲ್ಲ ಅಂದ್ರ ಏನಾಗ್ತದ ಗೊತ್ತೇನ್ರಿ? ನನಗೂ ಹಂಗ ಅನ್ಸಾಕ ಹತ್ತಿತ್ತು. ನಾನ ಹುಟ್ಟಿಸಿಕೊಂಡಿರಬೇಕು, ಅಲ್ಲೇನೂ ಇರಲಿಲ್ಲ ಅಂತ. ಐದು ವರ್ಷ ಆತು, ನನ್ನ ಕಣ್ಣ ನಾ ನಂಬಿಲ್ಲ.’

ಆಗ ಮೊದಲ ಸಲ ಅವಳು ಅತ್ತಳು. ನಾನು ಕ್ಷಮಿಸು ಎಂದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು:

‘ಆ ದೀಪ ಹೊಸಾದು ತರಿಸಿದ್ರೇನು?’

‘ಇಲ್ಲ. ಬೂಷ್ಟು ನೋಡೋದಕ್ಕೆ ಅಂತ ಲ್ಯಾಬಲ್ಲಿ ಮೊದಲಿಂದ್ಲೂ ಇತ್ತು.’

‘ನಾ ಆ ವರದಿ ಹಿಡಕೊಂಡು ಬಂದಾಗ ಎಲ್ಲಿತ್ತು?’

‘ನನ್ನ ಹಿಂದಿನ ಕಪಾಟಲ್ಲಿ’ ಎಂದೆ.

ಅವಳು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ಕಾದೆ, ಹೊರಗೆ ಬರಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಮರುದಿನ ಫೈಲು ತರಿಸಿ, 1973ರ ವರದಿ ಸುಳ್ಳು, ಬರಹ ಸ್ಪಷ್ಟವಾಗಿತ್ತು ಎಂದು ಬರೆದು ಸಹಿ ಮಾಡಿ ಸೇರಿಸಿದೆ. ಆ ಹೊತ್ತಿಗೆ ಅದನ್ನು ಓದಬೇಕಾದವರು ಯಾರೂ ಉಳಿದಿರಲಿಲ್ಲ. ಬ್ಲೀಚು ಅವಳ ಕೆಲಸವನ್ನು ಪೂರ್ತಿ ಅಳಿಸಿರಲಿಲ್ಲ. ಬರಹ ಇತ್ತು ಎಂದು ಅವತ್ತು ಒಪ್ಪಿಕೊಂಡಿದ್ದರೆ, ಯಾರಾದರೊಬ್ಬರು ಹುಡುಕೋಣ ಎನ್ನುತ್ತಿದ್ದರು, ದೀಪ ಕೈಗೆಟುಕುವಷ್ಟು ಹತ್ತಿರ ಇತ್ತು. ಓದಲಾಗದು ಎಂದು ಬರೆದಮೇಲೆ ಯಾರು ಹುಡುಕುತ್ತಾರೆ? ಕಾಗದದ ಬಗ್ಗೆ ಕಲಿತದ್ದನ್ನು ಮುಂದೆ ಎಷ್ಟೋ ಹುಡುಗರಿಗೆ ಕಲಿಸಿದೆ. ಈ ವೃತ್ತಿ ನನಗೆ ಕಲಿಸಿದ್ದು ಒಂದೇ, ಅದೂ ತಡವಾಗಿ. ಕಂಡದ್ದನ್ನು ಕಂಡೆ ಎಂದು ಬರೆಯುವುದು, ನನಗೆ ಸಂಬಳ ಕೊಡುತ್ತಿದ್ದದ್ದೇ ಅಷ್ಟಕ್ಕೆ.